ಶಸ್ತ್ರಚಿಕಿತ್ಸೆಗೆ ಮುಂಚೆ ಮತ್ತು ನಂತರ: ರೋಗಿಯ ತಾಟಿನಲ್ಲಿ ಏನಿರಬೇಕು?



ಗುಡ್ಡಾಪುರದ ದಾನಮ್ಮದೇವಿಯ ಹೆಸರಿನಲ್ಲೇ ದಾನವಿದೆ. ಉಮರಾಣಿಯಲ್ಲಿ ಹುಟ್ಟಿದ ಲಿಂಗಮ್ಮ ಹಸಿದವರಿಗೆ ಉಣಬಡಿಸಿ ದಾನಮ್ಮಳಾದಳೆಂಬುದು ನಾವೆಲ್ಲ ಕೇಳಿಕೊಂಡು ಬಂದ ಐತಿಹ್ಯ. ಇಂದಿಗೂ ದೇವಸ್ಥಾನಕ್ಕೆ ಬಂದವರು ದಾಸೋಹದಲ್ಲಿ ಉಂಡೇ ಹೋಗುತ್ತಾರೆ. ಆದರೆ ಅದೇ ಭಕ್ತರ ಮನೆಗಳಲ್ಲಿ ಯಾರಿಗಾದರೂ ಆಪರೇಶನ್ ಎಂದಾಗ ನಡೆಯುವುದು ಇದಕ್ಕೆ ತಿರುಗುಮುರುಗು. ಆಪರೇಶನ್ ಚೆನ್ನಾಗಿ ಆಗಲೆಂದು ಮೊದಲು ಉಪವಾಸದ ಹರಕೆ. ಆಪರೇಶನ್ ಆದ ಮೇಲೆ "ಕೀವು ಆಗತೈತಿ" ಎಂದು ಬೇಳೆ ಬಂದ್, ಮೊಸರು ಬಂದ್, ಕಾಳು ಬಂದ್. ತಿಂಗಳುಗಟ್ಟಲೆ ಗಂಜಿ, ಚಹಾ, ಬಿಸ್ಕೀಟು. ಗಾಯ ಮಾಯಲು ಊಟ ಅತಿ ಹೆಚ್ಚು ಬೇಕಾದ ದಿನಗಳಲ್ಲೇ ರೋಗಿ ಅತಿ ಕಡಿಮೆ ಉಣ್ಣುತ್ತಾನೆ.

ಗಡಿಭಾಗದಲ್ಲಿ ಇನ್ನೊಂದು ತೊಡಕಿದೆ. ಜತ್ತ ತಾಲೂಕಿನ ಪೂರ್ವ ಭಾಗದ ಕನ್ನಡ ಹಳ್ಳಿಗಳಿಂದ ರೋಗಿಗಳು ಮಿರಜ, ಸಾಂಗಲಿ, ಸೊಲ್ಲಾಪುರಕ್ಕೆ ಹೋಗುತ್ತಾರೆ, ಇಲ್ಲವೇ ವಿಜಯಪುರಕ್ಕೆ. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಮಿಷನ್ ಆಸ್ಪತ್ರೆ ತೆರೆದ ಕಾಲದಿಂದಲೂ ನಮ್ಮ ಭಾಗದವರಿಗೆ "ದೊಡ್ಡ ದವಾಖಾನಿ" ಎಂದರೆ ಮಿರಜವೇ. ಅಲ್ಲಿ ಊಟದ ಸೂಚನೆ ಸಿಗುವುದು ಮರಾಠಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. "ಪ್ರಥಿನಯುಕ್ತ ಆಹಾರ ಘ್ಯಾ" ಎಂದು ಬರೆದ ಚೀಟಿ ಊರಿಗೆ ಬಂದಾಗ, ಪ್ರಥಿನ ಎಂದರೆ ಅದೊಂದು ಗುಳಿಗೆಯ ಹೆಸರಿರಬೇಕು ಎಂದುಕೊಳ್ಳುವವರೂ ಇದ್ದಾರೆ. ಅದು ಗುಳಿಗೆಯಲ್ಲ. ನಮ್ಮ ಬೇಳೆ, ಕಾಳು, ಹಾಲು, ಶೇಂಗಾಗಳಲ್ಲಿರುವ ಪ್ರೋಟೀನ್.

ಆದ್ದರಿಂದ ಈ ಲೇಖನ. ಇದನ್ನು ಕಾಯ್ದಿಟ್ಟುಕೊಳ್ಳಿ, ಮನೆಯಲ್ಲಿ ಅಡಿಗೆ ಮಾಡುವವರಿಗೆ ಓದಿ ಹೇಳಿ. ಒಂದು ಮಾತು ಮೊದಲೇ ಹೇಳುತ್ತೇವೆ: ಇದು ಸಾಮಾನ್ಯ ಮಾಹಿತಿ. ನಿಮ್ಮ ಡಾಕ್ಟರರು ನಿಮ್ಮ ರೋಗ ನೋಡಿ ಬೇರೆ ಹೇಳಿದ್ದರೆ ಅವರ ಮಾತೇ ಕೊನೆ.

ಊಟಕ್ಕೂ ಹೊಲಿಗೆಗೂ ಏನು ಸಂಬಂಧ?

ಶಸ್ತ್ರಚಿಕಿತ್ಸೆ ಎಂದರೆ ದೇಹದ ಲೆಕ್ಕದಲ್ಲಿ ಒಂದು ದೊಡ್ಡ ಪೆಟ್ಟು. ಕೊಯ್ದ ಜಾಗವನ್ನು ಕೂಡಿಸಲು, ಸೋಂಕಿನ ವಿರುದ್ಧ ಹೋರಾಡಲು, ಹೊಸ ರಕ್ತ ಮಾಡಲು ದೇಹಕ್ಕೆ ಪ್ರೋಟೀನ್ ಬೇಕು. ಅದು ಊಟದಿಂದ ಬರದಿದ್ದರೆ ದೇಹ ತನ್ನದೇ ಮಾಂಸಖಂಡವನ್ನು ಕರಗಿಸಿ ಬಳಸುತ್ತದೆ. ಆಪರೇಶನ್ ಆದವರ ತೊಡೆ, ತೋಳು ಸೊರಗುವುದು, ಎದ್ದು ನಿಂತರೆ ಕಾಲು ನಡುಗುವುದು, ಕೆಮ್ಮಿ ಕಫ ಹೊರಹಾಕಲು ಶಕ್ತಿ ಸಾಲದಿರುವುದು ಬಹುಮಟ್ಟಿಗೆ ಇದರಿಂದಲೇ.

ಈ ವಿಷಯ ಹೊಸದಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡಿನ ಸರ್ಜನ್ ಹೈರಮ್ ಸ್ಟಡ್ಲಿ 1936ರಲ್ಲಿ ಹೊಟ್ಟೆಹುಣ್ಣಿನ ಶಸ್ತ್ರಚಿಕಿತ್ಸೆ ಆದವರ ಲೆಕ್ಕ ತೆಗೆದರು. ಆಪರೇಶನ್‌ಗೆ ಮೊದಲು ತಮ್ಮ ತೂಕದ ಶೇ. 20ಕ್ಕಿಂತ ಹೆಚ್ಚು ಕಳೆದುಕೊಂಡಿದ್ದವರಲ್ಲಿ ಮೂರರಲ್ಲಿ ಒಬ್ಬರು ತೀರಿಕೊಂಡಿದ್ದರು. ಅಷ್ಟು ತೂಕ ಇಳಿಯದವರಲ್ಲಿ ಸತ್ತವರು ಶೇ. 3.5 ಮಾತ್ರ. ಇಂದು ಅರಿವಳಿಕೆ, ಔಷಧ ಎಲ್ಲ ಬಹಳ ಸುಧಾರಿಸಿವೆ. ಆದರೂ ಸೊರಗಿದ ದೇಹದಲ್ಲಿ ಗಾಯ ತಡವಾಗಿ ಮಾಯುತ್ತದೆ, ಸೋಂಕು ಹೆಚ್ಚು ಎಂಬ ಪಾಠ ಬದಲಾಗಿಲ್ಲ.

ಆಪರೇಶನ್ ದಿನ ಗೊತ್ತಾದ ಕೂಡಲೇ

ಹರ್ನಿಯಾ, ಗರ್ಭಕೋಶ, ಪಿತ್ತಕೋಶ, ಮೊಣಕಾಲು ಇಂಥ ಆಪರೇಶನ್‌ಗಳಿಗೆ ಸಾಮಾನ್ಯವಾಗಿ ಕೆಲವು ವಾರ ಸಮಯವಿರುತ್ತದೆ. ಆ ಸಮಯವನ್ನು ಚಿಂತೆಯಲ್ಲಿ ಕಳೆಯಬೇಡಿ, ತಯಾರಿಯಲ್ಲಿ ಕಳೆಯಿರಿ.

ಮೊದಲನೆಯದು ತೂಕ. ಆರು ತಿಂಗಳ ಹಿಂದೆ 60 ಕಿಲೋ ಇದ್ದವರು ಈಗ 54ಕ್ಕೆ ಇಳಿದಿದ್ದರೆ ಅದು ಶೇ. 10ರಷ್ಟು. ಬೇಕೆಂದು ಇಳಿಸದೆ ಇಷ್ಟು ತೂಕ ಇಳಿದಿದ್ದರೆ ಡಾಕ್ಟರರಿಗೆ ತಪ್ಪದೆ ಹೇಳಿ. ತೂಕ ಗೊತ್ತಿಲ್ಲದವರು ಜಂಪರು ಸಡಿಲಾಗಿದೆಯೇ, ಬಳೆ ಮೊಣಕೈವರೆಗೆ ಜಾರುತ್ತದೆಯೇ ನೋಡಿ. ತೀರ ಸೊರಗಿದವರಿಗೆ ತುರ್ತಿಲ್ಲದ ದೊಡ್ಡ ಆಪರೇಶನ್ ಅನ್ನು 7ರಿಂದ 14 ದಿನ ಮುಂದೂಡಿ, ಆ ಅವಧಿಯಲ್ಲಿ ಪೌಷ್ಟಿಕ ಆಹಾರ ಕೊಟ್ಟು ನಂತರ ಮಾಡುವುದು ಇಂದು ಒಪ್ಪಿತ ಕ್ರಮ. ಡಾಕ್ಟರರು ಮುಂದೂಡಿದರೆ ಬೇಸರ ಬೇಡ.

ಎರಡನೆಯದು ರಕ್ತ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಮಹಾರಾಷ್ಟ್ರದಲ್ಲಿ ಶೇ. 54 ಮಂದಿಗೆ, ಕರ್ನಾಟಕದಲ್ಲಿ ಶೇ. 48 ಮಂದಿಗೆ ರಕ್ತಹೀನತೆ ಇದೆ. ಅಂದರೆ ಗಡಿಯ ಯಾವ ಬದಿಗಿದ್ದರೂ ಸುಮಾರು ಅರ್ಧದಷ್ಟು ಹೆಂಗಸರು. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಕಬ್ಬಿಣದ ಗುಳಿಗೆ ಬೇಕೇಬೇಕು. ಅದರ ಫಲ ಸರಿಯಾಗಿ ಕಾಣಲು ನಾಲ್ಕಾರು ವಾರ ಬೇಕಾಗುವುದರಿಂದ ಬೇಗ ಶುರು ಮಾಡಬೇಕು. ಗುಳಿಗೆಯನ್ನು ಚಹಾದ ಜೊತೆ ನುಂಗಬೇಡಿ, ಚಹಾ ಕಬ್ಬಿಣಾಂಶವನ್ನು ಒಳಗೆ ಬಿಡುವುದಿಲ್ಲ. ನಿಂಬೆರಸ, ಪೇರಲಹಣ್ಣು, ನೆಲ್ಲಿಕಾಯಿ ಜೊತೆಗಿದ್ದರೆ ಚೆನ್ನಾಗಿ ಹೀರಿಕೊಳ್ಳುತ್ತದೆ. ನಮ್ಮ ಜತ್ತ ಭಾಗದ ದಾಳಿಂಬೆ ರುಚಿಯಾದ ಹಣ್ಣು, ತಿನ್ನಿ. ಆದರೆ ಬಣ್ಣ ಕೆಂಪಾದ ಮಾತ್ರಕ್ಕೆ ಅದು ರಕ್ತವಾಗುವುದಿಲ್ಲ. ಅದರಲ್ಲಿ ಕಬ್ಬಿಣಾಂಶ ತೀರ ಕಡಿಮೆ, ದಾಳಿಂಬೆ ತಿಂದು ಗುಳಿಗೆ ಬಿಡಬೇಡಿ.

ಮೂರನೆಯದು ಸಕ್ಕರೆ ಕಾಯಿಲೆ. ಸಕ್ಕರೆ ಹೆಚ್ಚಿದ್ದಾಗ ಗಾಯದಲ್ಲಿ ಸೋಂಕು ಬೇಗ ಕೂಡುತ್ತದೆ. ಆಪರೇಶನ್ ದಿನ ಯಾವ ಗುಳಿಗೆ ಬಿಡಬೇಕು, ಇನ್ಸುಲಿನ್ ಎಷ್ಟು ತೆಗೆದುಕೊಳ್ಳಬೇಕು ಎಂದು ಬಾಯಿಬಿಟ್ಟು ಕೇಳಿ, ಬರೆಸಿಕೊಳ್ಳಿ. ರಕ್ತ ತೆಳು ಮಾಡುವ ಗುಳಿಗೆ, ಮನೆಯಲ್ಲಿ ತೆಗೆದುಕೊಳ್ಳುವ ಕಷಾಯ, ಗಾಂವಠಿ ಔಷಧದ ಪುಡಿ ಇವನ್ನೂ ಮುಚ್ಚಿಡಬೇಡಿ.

ನಾಲ್ಕನೆಯದು ತಂಬಾಕು. ಬೀಡಿ, ಸಿಗರೇಟು ಸೇದುವವರಿಗೆ ಗಾಯಕ್ಕೆ ಹೋಗುವ ರಕ್ತ ಮತ್ತು ಆಮ್ಲಜನಕ ಎರಡೂ ಕಡಿಮೆಯಾಗುತ್ತವೆ. ಕನಿಷ್ಠ ನಾಲ್ಕು ವಾರ ಮೊದಲು ಬಿಟ್ಟರೆ ಲಾಭ ಹೆಚ್ಚು. ಎಲೆ-ತಂಬಾಕು, ಗುಟಖಾ, ಹೆಂಗಸರು ಹಲ್ಲಿಗೆ ಹಚ್ಚುವ ಮಶೇರಿ ಕೂಡ ತಂಬಾಕೇ. ಅದನ್ನೂ ಡಾಕ್ಟರರಿಗೆ ಹೇಳಬೇಕು, ಬಿಡಬೇಕು.

ಉಪವಾಸದ ಹರಕೆ ಇದ್ದರೆ? ಅಮಾವಾಸ್ಯೆ, ಸೋಮವಾರ ಒಪ್ಪತ್ತು ಮಾಡುವವರು ಆಪರೇಶನ್‌ಗೆ ಮೊದಲಿನ ಮತ್ತು ನಂತರದ ತಿಂಗಳುಗಳಲ್ಲಿ ಅದನ್ನು ನಿಲ್ಲಿಸಿ. ಛಟ್ಟಿ ಅಮಾವಾಸ್ಯೆಗೆ ಪಾದಯಾತ್ರೆ ಬರುತ್ತೇನೆಂದು ಬೇಡಿಕೊಂಡಿದ್ದರೆ ಮುಂದಿನ ವರ್ಷ ಗಟ್ಟಿಯಾಗಿ ನಡೆದು ಬನ್ನಿ. ಹಸಿದವರಿಗೆ ಉಣಿಸಿದ ತಾಯಿ, ಗಾಯ ಮಾಯದವರು ಹಸಿದಿರಲಿ ಎಂದು ಬಯಸುತ್ತಾಳೆಯೇ?

ತಾಟಿನ ಲೆಕ್ಕ

ಆರೋಗ್ಯವಂತರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ ಸುಮಾರು 0.8 ಗ್ರಾಂ ಪ್ರೋಟೀನ್ ಸಾಕು. ದೊಡ್ಡ ಆಪರೇಶನ್‌ನ ಆಸುಪಾಸಿನ ದಿನಗಳಲ್ಲಿ 1.2ರಿಂದ 1.5 ಗ್ರಾಂ ಬೇಕು. 60 ಕಿಲೋ ತೂಕದವರಿಗೆ 72ರಿಂದ 90 ಗ್ರಾಂ. ಒಂದು ಬಟ್ಟಲು ಅಕ್ಕಿ ಗಂಜಿಯಲ್ಲಿ ಇರುವುದು 2 ಗ್ರಾಂ ಆಸುಪಾಸು. ದಿನಕ್ಕೆ ಐದು ಬಟ್ಟಲು ಗಂಜಿ ಕುಡಿದರೂ 10ರ ಹತ್ತಿರ ನಿಲ್ಲುತ್ತದೆ. ಹಾಗಾದರೆ ಉಳಿದದ್ದು ಎಲ್ಲಿಂದ? ಅಂಗಡಿಯ ದುಬಾರಿ ಡಬ್ಬಿ ತರಬೇಕಾಗಿಲ್ಲ. ನಮ್ಮ ಅಡಿಗೆಮನೆಯಲ್ಲೇ ಇದೆ:

• ಜೋಳದ ರೊಟ್ಟಿ 4 (ಹಿಟ್ಟು ಸುಮಾರು 200 ಗ್ರಾಂ): 20 ಗ್ರಾಂ ಪ್ರೋಟೀನ್
• ತೊಗರಿ ಅಥವಾ ಹೆಸರುಬೇಳೆ 60 ಗ್ರಾಂ, ಗಟ್ಟಿಯಾಗಿ ಬೇಯಿಸಿದ್ದು: 13 ಗ್ರಾಂ
• ಮಡಿಕೆಕಾಳು ಅಥವಾ ಹೆಸರುಕಾಳು 40 ಗ್ರಾಂ, ಮೊಳಕೆ ಬರಿಸಿ ಬೇಯಿಸಿದ ಪಲ್ಲೆ: 8 ಗ್ರಾಂ
• ಹಾಲು, ಮೊಸರು ಸೇರಿ ಅರ್ಧ ಲೀಟರ್: 16 ಗ್ರಾಂ
• ಶೇಂಗಾ 40 ಗ್ರಾಂ, ಹಿಂಡಿಯಾಗಿ ಅಥವಾ ಉಂಡಿಯಾಗಿ: 10 ಗ್ರಾಂ
• ತತ್ತಿ 2, ತತ್ತಿ ತಿನ್ನದವರಿಗೆ ಪನೀರ್ 70 ಗ್ರಾಂ: 13 ಗ್ರಾಂ

ಒಟ್ಟು 80 ಗ್ರಾಂ. ಕಾಳು-ಬೇಳೆಗಳ ತೂಕ ಬೇಯಿಸುವ ಮೊದಲಿನದು. ತತ್ತಿಯೂ ಇಲ್ಲ, ಪನೀರೂ ಇಲ್ಲ ಎನ್ನುವವರು ಝುಣಕ ಮಾಡಿ, ಪುಟಾಣಿ ಹಿಟ್ಟು ಹಾಲಿಗೆ ಕಲಸಿ, ಮೊಸರು ಹೆಚ್ಚಿಸಿ. ಹೊಟ್ಟೆ ಹಿಡಿಯದಿದ್ದರೆ ಮೂರು ಹೊತ್ತಿನ ಊಟವನ್ನು ಆರು ಸಣ್ಣ ಊಟ ಮಾಡಿ. ಮೂತ್ರಪಿಂಡ ಅಥವಾ ಲಿವರ್ ತೊಂದರೆ ಇದ್ದವರು ಮಾತ್ರ ಈ ಲೆಕ್ಕ ಹಿಡಿಯಬಾರದು, ಅವರಿಗೆ ಎಷ್ಟು ಎಂಬುದನ್ನು ಡಾಕ್ಟರರೇ ಹೇಳಬೇಕು.

ಇಲ್ಲಿ ಒಂದು ಮಾತು. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣುವ ಹೆಂಗಸರ ಪಾಲಿಗೆ ಬೇಳೆ ಉಳಿಯುವುದಿಲ್ಲ, ಬುಡದ ತಿಳಿ ಮಾತ್ರ ಉಳಿಯುತ್ತದೆ. ಗರ್ಭಕೋಶದ ಆಪರೇಶನ್‌ಗೆ ಹೊರಟ ಅತ್ತೆಗೋ ಸೊಸೆಗೋ ಒಂದು ತಿಂಗಳಾದರೂ ಮೊದಲ ಸೌಟು ಬಡಿಸಿ. ಕಬ್ಬು ಕಡಿಯಲು ಹೋಗುವ ಮನೆಗಳಲ್ಲಿ ಇದು ಇನ್ನೂ ಮುಖ್ಯ. ಆಪರೇಶನ್ ಆಗಿ ಬೇಗ ಕೆಲಸಕ್ಕೆ ಇಳಿಯಬೇಕಾದ ದೇಹಕ್ಕೆ ಮೊದಲೇ ಬಲ ತುಂಬಬೇಕು.

ಹಿಂದಿನ ರಾತ್ರಿ ಮತ್ತು ಆ ದಿನ ಬೆಳಿಗ್ಗೆ

"ಹೊಟ್ಟಿ ಖಾಲಿ ಇರಬೇಕು" ಎಂದು ಯಾಕೆ ಹೇಳುತ್ತಾರೆ? ಅರಿವಳಿಕೆಯಲ್ಲಿ ನುಂಗುವ, ಕೆಮ್ಮುವ ಎಚ್ಚರ ಹೋಗುತ್ತದೆ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸನಾಳಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ನ್ಯೂಯಾರ್ಕಿನ ಡಾ. ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ 44,016 ಹೆರಿಗೆಗಳ ದಾಖಲೆ ನೋಡಿ 66 ಮಂದಿಯಲ್ಲಿ ಹೀಗಾದದ್ದನ್ನು ತೋರಿಸಿದರು. ಆಗಿನಿಂದ ರಾತ್ರಿಯಿಡೀ ಏನೂ ಕೊಡಬಾರದೆಂಬ ಕಟ್ಟುನಿಟ್ಟು ಬೇರೂರಿತು.

ಈಗ ನಿಯಮ ಸಡಿಲಾಗಿದೆ, ಏಕೆಂದರೆ ನೀರು ಹೊಟ್ಟೆಯಿಂದ ಬೇಗ ಇಳಿದು ಹೋಗುತ್ತದೆ. ಸಾಮಾನ್ಯ ಆರೋಗ್ಯವಿದ್ದವರಿಗೆ ಇಂದು ಹೇಳುವ ಅವಧಿ ಇದು: ಎಣ್ಣೆಯದು, ಮಾಂಸದ್ದು ಆದರೆ 8 ಗಂಟೆ ಮೊದಲು ನಿಲ್ಲಿಸಬೇಕು. ಹಗುರ ತಿಂಡಿ, ಹಾಲು 6 ಗಂಟೆ ಮೊದಲು. ಕೂಸಿಗೆ ಎದೆಹಾಲು 4 ಗಂಟೆ ಮೊದಲು. ನೀರು, ಎಳನೀರು, ಹಾಲಿಲ್ಲದ ಚಹಾದಂಥ ತಿಳಿಪಾನೀಯ 2 ಗಂಟೆ ಮೊದಲಿನವರೆಗೆ. ಸಕ್ಕರೆ ಕಾಯಿಲೆ, ತೀರ ದಪ್ಪ ದೇಹ, ಗರ್ಭಿಣಿಯರು, ಹೊಟ್ಟೆ-ಕರುಳಿನ ತೊಂದರೆ ಇದ್ದವರಿಗೆ ಇದು ಬದಲಾಗಬಹುದು.

ನಮ್ಮ ಮನೆಗಳಲ್ಲಿ ಇಲ್ಲಿ ಎರಡು ತಪ್ಪು ಆಗುತ್ತವೆ. ಒಂದು, "ಬರೇ ಚಹಾ ಕುಡದೇನಿ" ಎನ್ನುವುದು. ಹಾಲು ಹಾಕಿದ ಚಹಾ ನೀರಲ್ಲ, ಅದು ತಿಂಡಿಯ ಲೆಕ್ಕ. ಕುಡಿದಿದ್ದರೆ ಮುಚ್ಚಿಡದೆ ಹೇಳಿ. ಆಪರೇಶನ್ ತಡವಾದರೂ ಜೀವ ದೊಡ್ಡದು. ಇನ್ನೊಂದು, ಬೆಳಿಗ್ಗೆ ಊರಿನಿಂದ ಎಸ್.ಟಿ. ಬಸ್ಸಿನಲ್ಲಿ ಹೊರಟು ದವಾಖಾನಿ ಮುಟ್ಟಬೇಕೆಂದು ಹಿಂದಿನ ಸಂಜೆಯಿಂದಲೇ ನೀರೂ ಮುಟ್ಟದಿರುವುದು. ಸರದಿ ಮಧ್ಯಾಹ್ನಕ್ಕೆ ಬಂದರೆ ಹದಿನೆಂಟು ಗಂಟೆ ಉಪವಾಸವಾಗುತ್ತದೆ. ಅದಕ್ಕೇ ಹಿಂದಿನ ದಿನವೇ ಕೇಳಿ: "ಊಟ ಎಷ್ಟು ಗಂಟೆಗೆ ನಿಲ್ಲಿಸಬೇಕು? ನೀರು ಎಷ್ಟು ಗಂಟೆಗೆ ನಿಲ್ಲಿಸಬೇಕು?" ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು.

ಆಪರೇಶನ್ ಆದ ಮೇಲೆ

ಮೊದಲು "ಗಾಳಿ ಹೋಗುವ" ತನಕ ನಾಲ್ಕೈದು ದಿನ ಏನೂ ಕೊಡುತ್ತಿರಲಿಲ್ಲ. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಹ್ಲೆಟ್ 1990ರ ದಶಕದಲ್ಲಿ ರೋಗಿಗಳನ್ನು ಬೇಗ ಎಬ್ಬಿಸಿ, ಬೇಗ ನಡೆಸಿ, ಬೇಗ ಉಣಿಸಿ ತೋರಿಸಿದ ಮೇಲೆ ಪದ್ಧತಿ ಬದಲಾಗುತ್ತ ಬಂತು. ಈಗ ಬಹಳಷ್ಟು ಆಪರೇಶನ್‌ಗಳಲ್ಲಿ ಎಚ್ಚರ ಬಂದು ವಾಂತಿ ಇಲ್ಲದಿದ್ದರೆ ಕೆಲವೇ ಗಂಟೆಗಳಲ್ಲಿ ಗುಟುಕು ನೀರು, ನಂತರ ಮೆತ್ತಗಿನ ಊಟ ಕೊಡುತ್ತಾರೆ. ಕರುಳನ್ನು ಕತ್ತರಿಸಿ ಜೋಡಿಸಿದ್ದರೆ, ಅನ್ನನಾಳದ ಆಪರೇಶನ್ ಆಗಿದ್ದರೆ ಡಾಕ್ಟರರ ಅಪ್ಪಣೆ ಇಲ್ಲದೆ ಒಂದು ಗುಟುಕೂ ಕೊಡಬೇಡಿ.

ಡಾಕ್ಟರರು "ಊಟ ಕೊಡಿ" ಎಂದ ಮೇಲೆ ಕ್ರಮ ಹೀಗಿರಲಿ. ಮೊದಲು ನೀರು, ಎಳನೀರು, ಬೇಳೆಕಟ್ಟು. ಅದು ಒಗ್ಗಿದರೆ ಹೆಸರುಬೇಳೆ ಕಿಚಡಿ, ಮಜ್ಜಿಗೆ, ಜೋಳದ ನುಚ್ಚು-ಹಾಲು, ಬಾಳೆಹಣ್ಣು. ಆಮೇಲೆ ಮೆತ್ತನ್ನ ರೊಟ್ಟಿಯನ್ನು ಗಟ್ಟಿ ಬೇಳೆಯಲ್ಲಿ ನೆನೆಸಿ, ತಪ್ಪಲ ಪಲ್ಲೆ, ಮೊಸರು. ಗಂಜಿ ಮೊದಲ ಮೆಟ್ಟಿಲು ಮಾತ್ರ, ಅಲ್ಲೇ ನಿಲ್ಲಬೇಡಿ. ಬಹಳ ದಿನ ಏನೂ ತಿನ್ನದೆ ತೀರ ಸೊರಗಿದವರಿಗೆ ಮಾತ್ರ ಒಮ್ಮೆಲೇ ಹೊಟ್ಟೆ ತುಂಬ ಉಣಿಸಬಾರದು. ಅವರ ರಕ್ತದಲ್ಲಿನ ಲವಣಗಳು ಏರುಪೇರಾಗಿ ಹೃದಯಕ್ಕೆ ತೊಂದರೆಯಾಗಬಹುದು. ಅವರಿಗೆ ವೈದ್ಯರ ನಿಗಾದಲ್ಲಿ ನಿಧಾನವಾಗಿ ಹೆಚ್ಚಿಸಬೇಕು.

ನೋವಿನ ಗುಳಿಗೆ, ಕಬ್ಬಿಣದ ಗುಳಿಗೆ, ಮಲಗಿಯೇ ಇರುವುದು, ಈ ಮೂರರಿಂದ ಮಲಬದ್ಧತೆ ಆಗುತ್ತದೆ. ತಿಣುಕಿದರೆ ಹೊಲಿಗೆಗೆ ಭಾರ. ನೀರು, ಸೊಪ್ಪು, ಪಪ್ಪಾಯಿ, ನೆನೆಸಿದ ಒಣದ್ರಾಕ್ಷಿ ಮತ್ತು ಡಾಕ್ಟರರು ಹೇಳಿದಷ್ಟು ನಡಿಗೆ ಇದಕ್ಕೆ ಮದ್ದು. ಪಿತ್ತಕೋಶ ತೆಗೆದವರು ಕೆಲವು ವಾರ ಎಣ್ಣೆ ಕಡಿಮೆ ಮಾಡಿದರೆ ಸಾಕು, ಬೇಳೆ ಬಿಡಬೇಕಾಗಿಲ್ಲ. ಕಣ್ಣಿನ ಪೊರೆ ತೆಗೆಸಿದವರಿಗೆ ವಿಶೇಷ ಪಥ್ಯವೇ ಇಲ್ಲ.

ಪಥ್ಯದ ಹೆಸರಿನಲ್ಲಿ

"ಬೇಳೆ ತಿಂದರೆ ಕೀವು." ಕೀವು ಆಗುವುದು ಗಾಯಕ್ಕೆ ರೋಗಾಣು ಸೇರಿದಾಗ. ಬೇಳೆ ಬಿಟ್ಟರೆ ರೋಗಾಣುವಿನ ವಿರುದ್ಧ ಹೋರಾಡುವ ಬಲವೇ ಕುಗ್ಗುತ್ತದೆ. ಗಾಯ ಮುಟ್ಟುವ ಮೊದಲು ಕೈ ತೊಳೆಯುವುದು, ಅರಿಷಿಣ, ಬೂದಿ ಹಚ್ಚದಿರುವುದು ನಿಜವಾದ ಪಥ್ಯ.

"ಮೊಸರು ಶೀತ, ಹುಳಿ ಹೊಲಿಗೆ ಬಿಚ್ಚುತ್ತದೆ." ಹಾಗಿಲ್ಲ. ತಾಜಾ ಮೊಸರಿನಲ್ಲಿ ಪ್ರೋಟೀನ್ ಇದೆ. ನಿಂಬೆ, ನೆಲ್ಲಿಕಾಯಿಯ ಸಿ ಜೀವಸತ್ವ ಗಾಯದ ಹೊಸ ಎಳೆಗಳನ್ನು ಕಟ್ಟಲು ಬೇಕೇಬೇಕು.

"ಬದನೆಕಾಯಿ ನಂಜು." ನಿಮಗೆ ತುರಿಕೆ ತರುತ್ತಿದ್ದರೆ ಬಿಡಿ, ಅದರಿಂದ ನಷ್ಟವೇನಿಲ್ಲ. ಆದರೆ ಬದನೆಯ ಜೊತೆ ಕಾಳು, ಶೇಂಗಾ, ಸೊಪ್ಪು ಎಲ್ಲವನ್ನೂ ನಂಜಿನ ಪಟ್ಟಿಗೆ ಸೇರಿಸಬೇಡಿ.

"ಸಿಜೇರಿಯನ್ ಆದ ಬಾಣಂತಿಗೆ ನೀರು ಕಡಿಮೆ ಕೊಡಬೇಕು." ಇದು ಎಲ್ಲಕ್ಕಿಂತ ಹಾನಿಕರ. ಆಕೆಗೆ ಹೊಲಿಗೆಯೂ ಮಾಯಬೇಕು, ಕೂಸಿಗೆ ಹಾಲೂ ಬರಬೇಕು. ಬಾಯಾರಿದಷ್ಟು ನೀರು, ಎರಡು ಪಾಲು ಬೇಳೆ, ಹಾಲು, ಸೊಪ್ಪು ಕೊಡಿ. ಹಿರಿಯರ ಅಂಟಿನ ಉಂಡಿ, ಅಳವಿ ಪಾಯಸ ಒಳ್ಳೆಯವೇ, ಅವು ಊಟದ ಜೊತೆಗಿರಲಿ, ಊಟದ ಬದಲಿಗೆ ಬೇಡ.

ಚೀಟಿಯ ಮರಾಠಿ ಮಾತುಗಳು

• ಉಪಾಶಿ ಪೋಟಿ: ಏನೂ ತಿನ್ನದೆ, ಬರಿ ಹೊಟ್ಟೆಯಲ್ಲಿ
• ಜೇವಣಾನಂತರ: ಊಟ ಆದ ಮೇಲೆ
• ಭೂಲ: ಅರಿವಳಿಕೆ
• ಜಖಮ: ಗಾಯ
• ಟಾಕೆ: ಹೊಲಿಗೆ
• ಪ್ರಥಿನೆ: ಪ್ರೋಟೀನ್
• ಕಡಧಾನ್ಯೆ: ಕಾಳುಗಳು
• ಪಾಲೇಭಾಜಿ: ತಪ್ಪಲ ಪಲ್ಲೆ, ಸೊಪ್ಪು
• ಪಾತಳ ಆಹಾರ: ತೆಳುವಾದ, ಕುಡಿಯುವಂಥ ಆಹಾರ
• ಪೇಜ: ಗಂಜಿ
• ತಾಕ: ಮಜ್ಜಿಗೆ
• ತೇಲಕಟ, ತಿಖಟ: ಎಣ್ಣೆಯದು, ಖಾರದ್ದು
• ಮಳಮಳ: ಹೊಟ್ಟೆ ತೊಳಸುವುದು
• ಬದ್ಧಕೋಷ್ಠತಾ: ಮಲಬದ್ಧತೆ
• ರಕ್ತಕ್ಷಯ: ರಕ್ತ ಕಡಿಮೆ ಇರುವುದು. ಇದನ್ನು ಓದಿ ಕ್ಷಯರೋಗವೆಂದು ಹೆದರಬೇಡಿ.

ತಡಮಾಡದೆ ದವಾಖಾನಿಗೆ ಹೋಗಬೇಕಾದಾಗ

ಜ್ವರ, ಗಾಯದ ಸುತ್ತ ಕೆಂಪು ಹೆಚ್ಚುವುದು, ಕೀವು, ಹೊಲಿಗೆ ಬಿಚ್ಚುವುದು, ನಿಲ್ಲದ ವಾಂತಿ, ಹೊಟ್ಟೆ ಉಬ್ಬರಿಸಿ ಗಾಳಿಯೂ ಹೋಗದಿರುವುದು, ಒಂದು ಕಾಲು ಬಾತು ನೋಯುವುದು, ಉಸಿರಾಟಕ್ಕೆ ತೊಂದರೆ, ಎರಡು ದಿನ ಏನೂ ಉಣ್ಣಲಾಗದಿರುವುದು. ಇವುಗಳಲ್ಲಿ ಯಾವುದು ಕಂಡರೂ ಪಥ್ಯ ಬದಲಿಸುತ್ತ ಕೂಡಬೇಡಿ, ಹೊರಡಿ.

ಕೊನೆಗೊಂದು ವಿನಂತಿ

ಮಹಾರಾಷ್ಟ್ರದಲ್ಲಿ ಮಹಾತ್ಮಾ ಜೋತಿರಾವ್ ಫುಲೆ ಜನ ಆರೋಗ್ಯ ಯೋಜನೆಯಡಿ ಆಪರೇಶನ್ ಆಗುವವರ ಪ್ಯಾಕೇಜಿನಲ್ಲಿ ರೋಗಿಯ ಊಟವೂ ಸೇರಿದೆ. ದಾಖಲಾಗುವಾಗಲೇ ವಿಚಾರಿಸಿ, ಸಂಕೋಚ ಬೇಡ. ಮಿರಜ, ಸಾಂಗಲಿ, ಸೊಲ್ಲಾಪುರ, ಅಥಣಿ, ವಿಜಯಪುರದಲ್ಲಿರುವ ನಮ್ಮ ಸದಸ್ಯರಲ್ಲಿ ಮರಾಠಿ, ಇಂಗ್ಲಿಷ್ ಓದಬಲ್ಲವರು ಬಹಳ ಜನ ಇದ್ದೀರಿ. ಊರಿನವರು ಯಾರಾದರೂ ದವಾಖಾನಿಯಲ್ಲಿದ್ದರೆ ಹತ್ತು ನಿಮಿಷ ಕೂತು ಅವರ ಚೀಟಿಯನ್ನು ಕನ್ನಡದಲ್ಲಿ ಓದಿ ಹೇಳಿ. ನೋಡಲು ಹೋಗುವಾಗ ಬಿಸ್ಕೀಟಿನ ಪುಡಿಕೆ ಒಯ್ಯುವ ಬದಲು, ಡಾಕ್ಟರರು ಊಟಕ್ಕೆ ಒಪ್ಪಿದ್ದರೆ, ಒಂದು ಡಬ್ಬಿ ಗಟ್ಟಿ ಬೇಳೆ, ಎರಡು ಮೆತ್ತನ್ನ ರೊಟ್ಟಿ, ಒಂದಿಷ್ಟು ಮೊಸರು ಒಯ್ಯಿರಿ. ಜೊತೆಗಿರುವವರಿಗೂ ಎರಡು ರೊಟ್ಟಿ ಹೆಚ್ಚು ಕಟ್ಟಿ, ಅವರೂ ಹಸಿದೇ ಕೂತಿರುತ್ತಾರೆ.

ದಾಸೋಹಕ್ಕೆ ಗುಡ್ಡಾಪುರದವರೆಗೆ ಹೋಗಲೇಬೇಕೆಂದಿಲ್ಲ. ದವಾಖಾನಿಯ ಮಂಚದ ಪಕ್ಕದಲ್ಲೂ ಅದು ನಡೆಯುತ್ತದೆ.